ಬಲಗೈ ಕಡೆಯ ಪೂರ್ವ

ಸೋಮವಾರ ಮೇಷ್ಟ್ರು ಆರನೇ ತರಗತಿಯ ಮಕ್ಕಳೆದುರಿನ ಗೋಡೆಗೆ ಭೂಪಟ ತೂಗುಹಾಕಿ, ಉತ್ತರ ಮೇಲೆ, ದಕ್ಷಿಣ ಕೆಳಗೆ, ಪೂರ್ವ ಬಲಕ್ಕೆ, ಪಶ್ಚಿಮ ಎಡಕ್ಕೆ ಎಂದು ಹೇಳಿಕೊಟ್ಟರು. ಮಂಗಳವಾರ ಕೇಳಿದಾಗ ಇಪ್ಪತ್ತೊಂಬತ್ತು ಮಕ್ಕಳು ಬಲಗೈ ಚಾಚಿ ಪೂರ್ವ ತೋರಿಸಿದರು. ಸೌಭಾಗ್ಯ ಒಬ್ಬಳು ಎಡಗೈ ಚಾಚಿ ಕಿಟಕಿ ತೋರಿಸಿದಳು.

ಬುಧವಾರವೂ ಅದೇ. ಗುರುವಾರ ಅವಳಿಗೆ ‘ಪೂರ್ವ ಬಲಕ್ಕೆ’ ಎಂದು ಐವತ್ತು ಸಲ ಬರೆಯಲು ಹೇಳಿದರು. ಶುಕ್ರವಾರ ಅವಳು ದುಂಡಗೆ ಬರೆದು ತಂದು ತೋರಿಸಿದಳು. ಕೇಳಿದರೆ ಮತ್ತೆ ಕಿಟಕಿ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು.

ಉಳಿದ ದಿನ ಈ ಪಾಠ ಊಟದ ನಂತರ ಇರುತ್ತಿತ್ತು. ಶನಿವಾರ ಮಾತ್ರ ಬೆಳಗಿನ ಶಾಲೆ. ಎಂಟು ಗಂಟೆಗೇ ಅವಳನ್ನು ಎಬ್ಬಿಸಿ ನಿಲ್ಲಿಸಿದರು.

“ಪೂರ್ವ ಯಾವ ಕಡೆಯಮ್ಮ?”

ಅವಳು ಕಿಟಕಿ ತೋರಿಸಿದಳು.

“ವಾರದಿಂದ ಬಾಯಿ ಬಡ್ಕೋತಾ ಇದ್ದೀನಿ. ಯಾರು ಹೇಳಿದ್ದು ನಿಂಗೆ, ಆ ಕಡೆ ಅಂತ?”

“ಹೊತ್ತು ಹುಟ್ಟೋದು ಅಲ್ಲೇ ಅಲ್ವಾ ಸಾ.”

ಮೇಷ್ಟ್ರು ಕಿಟಕಿಯತ್ತ ತಿರುಗಿದರು. ಎಳೆಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಆಮೇಲೆ ಭೂಪಟ ನೋಡಿದರು. ಮೊಳೆ ಅಲ್ಲೊಂದೇ ಕಡೆ ಇದೆಯೆಂದು ಅದನ್ನು ದಕ್ಷಿಣದ ಗೋಡೆಗೆ ತೂಗುಹಾಕಿದ್ದು ಅವರೇ.

ಕುತ್ತಿಗೆಯ ಬೆವರು ಒರೆಸಿಕೊಂಡು ಉಳಿದವರ ಕಡೆ ತಿರುಗಿದರು.

“ಅಲ್ರೋ, ಸೂರ್ಯ ದಿನಾ ಯಾವ ಕಡೆ ಹುಟ್ತಾನೆ ಅಂತ ನಿಮಗ್ಯಾರಿಗೂ ಗೊತ್ತಿಲ್ವಾ?”

ಮಕ್ಕಳು ಮುಖ ಮುಖ ನೋಡಿಕೊಂಡರು. ಕೊನೆಗೆ ತರಗತಿಯ ಮಾನಿಟರ್ ಎದ್ದು, ಕೈಕಟ್ಟಿ ನಿಂತು ಕೇಳಿದಳು:

“ಸ್ಕೂಲಲ್ಲೋ ಸಾ, ಮನೇಲೋ?”