ಯುವ ವಿಜ್ಞಾನಿಗೆ ಪ್ರೋತ್ಸಾಹ

ಒಂದು ತೊಟ್ಟು ಎಂಜಲಿನಿಂದಲೇ ಬಾಯಿ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಬಹುದು ಎಂದು ತಾರಿಣಿ ವಿವರಿಸಿದಾಗ, ಯುವ ವಿಜ್ಞಾನಿಗಳಿಗೆ ಅನುದಾನ ಕೊಡುವ ಸಮಿತಿಯ ಅಧ್ಯಕ್ಷರು ಗೋಡಂಬಿ ಅಗಿಯುತ್ತಾ ಕೇಳಿದರು:

"ಪುರಾವೆ ಎಲ್ಲಿದೆಯಮ್ಮಾ?"

"ಅದನ್ನು ಹುಡುಕೋಕೇ ಅನುದಾನ ಕೇಳ್ತಿದ್ದೀನಿ ಸಾರ್."

"ಮೊದಲು ಪುರಾವೆ ತನ್ನಿ, ಆಮೇಲೆ ನೋಡೋಣ."

ತಾರಿಣಿ ಟ್ಯೂಷನ್ ಹೇಳಿ ರಾಸಾಯನಿಕ ಕೊಂಡಳು. ರಜಾದಿನಗಳಲ್ಲಿ ಕಂಡವರ ಲ್ಯಾಬಿನಲ್ಲಿ ಯಂತ್ರಕ್ಕಾಗಿ ಅಂಗಲಾಚಿದಳು. ಎರಡು ವರ್ಷ ಹೀಗೆ ಒದ್ದಾಡಿ, ಪುರಾವೆಯೊಂದಿಗೆ ಮತ್ತೆ ಸಮಿತಿಯ ಮುಂದೆ ನಿಂತಳು. ವೈದ್ಯರ ಕಣ್ಣಿಗೆ ಬೀಳದ ರೋಗ ಅವಳ ಪರೀಕ್ಷೆಗೆ ಸಿಕ್ಕಿತ್ತು. ಸಮಿತಿಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು.

"ಇನ್ನು ಹಳ್ಳಿಹಳ್ಳಿಗೂ ಹೋಗಿ ಪರೀಕ್ಷೆ ಮಾಡಬೇಕು. ಈಗಲಾದರೂ ಅನುದಾನ ಕೊಡ್ತೀರಾ ಸಾರ್?"

ಅಧ್ಯಕ್ಷರು ಅಕ್ಕರೆಯಿಂದ ನಕ್ಕರು.

"ಅನುದಾನವಿಲ್ಲದೆಯೇ ಇಷ್ಟು ಸಾಧಿಸಿದ್ದೀರಿ. ಇನ್ನು ಅದು ನಿಮಗ್ಯಾಕಮ್ಮಾ?"