ಗಜಲಕ್ಷ್ಮಿ ಉಸಿರಾಡಿದ ದಿನ

ಒಂದಾನೊಂದು ಊರಿನಲ್ಲಿ ಒಂದು ಬಿಳಿ ಆನೆ ಇತ್ತಂತೆ...

ಆ ಆನೆಗೆ ಕಾಲಿನ ಬದಲು ನಾಲ್ಕು ಚಕ್ರ. ಘೀಳಿಡಲು ಎರಡು ಹಾರ್ನ್. ಹೆಸರು ಗಜಲಕ್ಷ್ಮಿ!

ಕಂಡವರೆಲ್ಲ ಅದನ್ನು ಪಿಕಪ್ ಗಾಡಿ ಅನ್ನುತ್ತಿದ್ದರು. ಮಾಲೀಕ ಫಕೀರಪ್ಪ ಮಾತ್ರ "ನಮ್ಮ ಲಕ್ಷ್ಮಿ" ಅನ್ನುತ್ತಿದ್ದ.

ರೋಣದ ಗಾಡಿ ಸ್ಟ್ಯಾಂಡಿನಲ್ಲಿ ಅಷ್ಟು ಚಂದದ ಗಾಡಿ ಇನ್ನೊಂದಿರಲಿಲ್ಲ. ದಿನಾ ಬೆಳಿಗ್ಗೆ ಶಾಂಪೂ ಸ್ನಾನ... ಹಣೆಗೆ ವಿಭೂತಿ, ಕುಂಕುಮ...

ಆಯುಧಪೂಜೆಯ ದಿನವಂತೂ ಕೇಳಲೇಬೇಡಿ. ಗಾಡಿಯ ಮುಂದಿನ ಜಾಲರಿಗೆ ಅಡ್ಡಲಾಗಿ ಹಸಿರು ಇಳಕಲ್ ಸೀರೆ ಉಡಿಸಿದ. ಅದರ ಮೇಲೆ ತೋಳು ದಪ್ಪದ ಚೆಂಡುಹೂವಿನ ಮಾಲೆ... ಒಂದಲ್ಲ, ಐದು ಸುತ್ತು!

ಮರುದಿನ ವಿಜಯದಶಮಿ. ಬೆಳಿಗ್ಗೆಯೇ ಬಾಡಿಗೆ ಸಿಕ್ಕಿತು.

ಓಣಿಯ ನೀಲವ್ವಜ್ಜಿ ಮತ್ತು ಅವಳ ಜೊತೆಯ ಹೆಂಗಸರು ಮನೆಯಲ್ಲೇ ರೊಟ್ಟಿ ತಟ್ಟಿ ಮಾರುತ್ತಿದ್ದರು. ಮೊದಲ ಸಲ ಅವರಿಗೆ ದೊಡ್ಡ ಆರ್ಡರ್ ಬಂದಿತ್ತು. ಗಜೇಂದ್ರಗಡದ ಒಂದು ಮನೆಯ ಬಸುರಿ ಸೊಸೆಯ ಕುಬಸ, ಅಂದರೆ ಸೀಮಂತ... ಮುನ್ನೂರು ಜನಕ್ಕೆ ಊಟ!

ಆ ಮನೆಯ ಯಜಮಾನರಿಗೆ ಒಳಗೊಳಗೇ ಅನುಮಾನ. "ಮುದುಕಿ ಕೈಲೇ ಆಗತೈತೇನು? ಹನ್ನೆರಡೂವರಿಗೆ ಊಟ ಬರಲಿಲ್ಲಂದ್ರ ಹೋಟೆಲಿಂದ ತರಸ್ತೀನಿ" ಎಂದುಬಿಟ್ಟಿದ್ದರು.

"ಚಿಂತಿ ಬಿಡಬೇ ಯವ್ವಾ. ಹನ್ನೆರಡೂವರಿ ಒಳಗ ಮುಟ್ಟಸ್ತೀನಿ. ಲಕ್ಷ್ಮಿ ಆಣಿ!" ಎಂದ ಫಕೀರಪ್ಪ.

ಜೊತೆಯ ಹೆಂಗಸರು ಬಡಿಸುವ ತಯಾರಿಗೆಂದು ಮೊದಲೇ ಬಸ್ಸು ಹತ್ತಿ ಹೋದರು. ರೊಟ್ಟಿ ಬುಟ್ಟಿ, ಎಣ್ಣೆಗಾಯಿ ಪಾತ್ರೆ, ಹೋಳಿಗೆ ಡಬ್ಬಿ, ಕುಡಿಯುವ ನೀರಿನ ಕ್ಯಾನುಗಳೆಲ್ಲ ಗಾಡಿ ಏರಿದವು. ಅಜ್ಜಿ ಮುಂದೆ ಕೂತಳು.

ಅರ್ಧ ದಾರಿ ದಾಟಿ ಸ್ವಲ್ಪ ಮುಂದೆ ಬಂದಿದ್ದರು... ಒಂದು ಏರು ಶುರುವಾಯಿತು. ಗಾಡಿ ಏದುಸಿರು ಬಿಟ್ಟಿತು. ಇಂಜಿನ್ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನಿಂದ ಬುಸ್ಸೆಂದು ಹೊಗೆಯಂಥ ಹಬೆ!

ಆಗ ಸಮಯ ಹತ್ತೂಮುಕ್ಕಾಲು.

ಫಕೀರಪ್ಪ ಇಂಜಿನ್ ಆಫ್ ಮಾಡಿ ಮೆಕ್ಯಾನಿಕ್ ಮಾಬುಸಾಬನಿಗೆ ಫೋನ್ ಮಾಡಿದ. ಗ್ಯಾರೇಜಿಗೆ ಹಬ್ಬದ ರಜೆ.

"ರೇಡಿಯೇಟರ್ ಮುಚ್ಚಳ ಈಗ ಮುಟ್ಟಬ್ಯಾಡಪಾ, ಬಿಸಿನೀರು ಮಾರಿಗೆ ಹಾರತೈತಿ. ಮುಕ್ಕಾಲು ತಾಸು ಆರಲಿ" ಎಂದ ಮಾಬುಸಾಬ. "ನಿನ್ನೆ ಬಾನೆಟ್ ತೆಗದಿದ್ದೇನು?"

"ತೆಗದಿದ್ದೆ ಮಾಮಾ. ಒಳಗೂ ಕುಂಕುಮ ಹಚ್ಚೀನಿ."

"ಕುಂಕುಮ ಇರ್ಲಿ... ಇಂಜಿನ್ ತಂಪು ಮಾಡೋ ಕೂಲಂಟ್ ನೋಡಿದಿ?"

ಫಕೀರಪ್ಪ ಬಾನೆಟ್ಟಿನ ಕಡೆ ನೋಡಿದ.

"ಮುಂದ ಜಾಲರಿಗೆ ಏನರ ಅಡ್ಡ ಕಟ್ಟೀಯೇನು?"

"ಏನಿಲ್ಲ... ಒಂದ ಸೀರಿ, ಐದು ಸುತ್ತು ಮಾಲಿ..."

"ಲೇ ಪುಣ್ಯಾತ್ಮಾ! ಗಾಡಿ ಗಾಳಿ ತಗೊಳ್ಳೋದ ಅಲ್ಲಿಂದ. ಮೊದಲ ಬಿಚ್ಚು ಅದನ್ನ!"

ಫಕೀರಪ್ಪನ ಕೈ ಮುಂದಕ್ಕೆ ಹೋಗಲಿಲ್ಲ. ಅಜ್ಜಿಯ ಕಡೆ ತಿರುಗಿದ. "ಪೂಜಿ ಸೀರಿ ಬೇ ಯವ್ವಾ. ಮೂರು ದಿನ ಬಿಚ್ಚಬಾರದು... ಅಪಶಕುನ."

ನೀಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ಲೋ ತಮ್ಮಾ... ಹೆಣ್ಮಕ್ಕಳು ಹೂ ಎಲ್ಲಿ ಮುಡೀತಾರ? ಮೂಗಿನ ಮುಂದೋ, ಹಿಂದ ಹೆಳಲಿಗೋ?"

ಫಕೀರಪ್ಪ ಮಾಲೆಯನ್ನೊಮ್ಮೆ, ಜಾಲರಿಯನ್ನೊಮ್ಮೆ ನೋಡಿದ.

"ಹಿಂದ ಕಟ್ಟೋ ಹುಚ್ಚಪ್ಪಾ! ಹೂವು ಹೆಳಲಿಗಿರ್ಲಿ, ಸೆರಗು ಹಿಂದಿರ್ಲಿ. ಮೂಗು ಬಿಟ್ಟುಕೊಡು ಆಕಿಗೆ!"

ಅವನಿಗೆ ನಗು ತಡೆಯಲಾಗಲಿಲ್ಲ. ಕೈಮುಗಿದು ಮಾಲೆ, ಸೀರೆ ಎರಡನ್ನೂ ಬಿಚ್ಚಿ ಗಾಡಿಯ ಹಿಂದೆ ಕಟ್ಟಿದ.

ಜಾಲರಿಯ ಸಂದಿಯಲ್ಲಿ ನೋಡುತ್ತಾನೆ... ಹೋದ ವರ್ಷದ ಒಣ ಹೂವು, ಅದರ ಹಿಂದಿನ ವರ್ಷದ್ದು, ಹೊಟ್ಟು, ಸತ್ತ ಚಿಟ್ಟೆ...

ಗಾಡಿ ಆರುವವರೆಗೆ ಹಿಡಿ ಕಸಬರಿಗೆಯಿಂದ ಎಲ್ಲ ಸ್ವಚ್ಛ ಮಾಡಿದ. ಆಮೇಲೆ ಬಾನೆಟ್ ಎತ್ತಿ, ದಪ್ಪ ಬಟ್ಟೆ ಹಿಡಿದು ಮೆಲ್ಲಗೆ ರೇಡಿಯೇಟರ್ ಮುಚ್ಚಳ ತಿರುವಿದ.

ಒಳಗೆ ನೀರೇ ಕಾಣಲಿಲ್ಲ!

ಫಕೀರಪ್ಪ ಮುಚ್ಚಳ ಹಿಡಿದೇ ಅಜ್ಜಿಯ ಕಡೆ ನೋಡಿದ. "ಐದು ವರ್ಷ ದಿನಾ ಮಾರಿ ತೊಳದೆ ಬೇ ಯವ್ವಾ... ಒಂದಿನಾನೂ ನೀರಡಿಕಿ ಕೇಳಲಿಲ್ಲ." ಕಣ್ಣೀರು ರೇಡಿಯೇಟರಿನ ಮೇಲೆಯೇ ಬಿತ್ತು.

"ಅತ್ತರ ರೇಡಿಯೇಟರ್ ತುಂಬಂಗಿಲ್ಲ. ತಗೋ!" ಎನ್ನುತ್ತ ಅಜ್ಜಿ ಊಟದ ಪಂಗ್ತಿಗೆಂದು ಇಟ್ಟಿದ್ದ ನೀರಿನ ಕ್ಯಾನನ್ನೇ ಎತ್ತಿ ಕೊಟ್ಟಳು. ಅವಳ ಕಣ್ಣೂ ಒದ್ದೆಯಾಗಿತ್ತು...

"ಸದ್ಯಕ್ಕ ನೀರು ನಡೀತೈತಿ. ಪೈಪು, ಫ್ಯಾನ್ ಬೆಲ್ಟು ನೋಡಿ ಸಾವಕಾಶ ಹೋಗು. ನಾಳೆ ಬಂದು ಕೂಲಂಟ್ ಹಾಕಸ್ಕೋ" ಎಂದ ಮಾಬುಸಾಬ, ಫಕೀರಪ್ಪ ಮತ್ತೆ ಫೋನ್ ಮಾಡಿದಾಗ.

ಪೈಪು ಸೋರುತ್ತಿರಲಿಲ್ಲ, ಬೆಲ್ಟೂ ಬಿಗಿಯಾಗಿತ್ತು. ಗಾಡಿ ಹೊರಟಾಗ ಹನ್ನೊಂದೂಮುಕ್ಕಾಲು. ಗಜಲಕ್ಷ್ಮಿಯ ಹಿಂದೆ ಚೆಂಡುಹೂ ತೂಗುತ್ತಿತ್ತು, ಇಳಕಲ್ ಸೆರಗು ಗಾಳಿಗೆ ಹಾರುತ್ತಿತ್ತು. ಮುಳ್ಳು ನಡುವಿನ ಗೆರೆ ಬಿಟ್ಟು ಕದಲಲಿಲ್ಲ.

ದಾರಿಯಲ್ಲಿ ಎದುರಾದ ಬಸ್ಸಿನವರು ತಿರುತಿರುಗಿ ನೋಡಿ ನಕ್ಕರು. ಅಜ್ಜಿ ಅವರಿಗೆಲ್ಲ ಕೈಬೀಸಿದಳು!

ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಗಾಡಿ ಪೆಂಡಾಲಿನ ಮುಂದೆ ನಿಂತಿತು. ಬಾಗಿಲಲ್ಲೇ ಕಾಯುತ್ತಿದ್ದ ಹೆಂಗಸರು ಓಡಿಬಂದು ಬುಟ್ಟಿ ಇಳಿಸಿಕೊಂಡರು.

"ಬಾರೋ ತಮ್ಮಾ, ಉಣ್ಣು" ಎಂದಳು ಅಜ್ಜಿ.

"ನೀ ನಡಿ ಬೇ. ಆಕಿ ಪೈಪು ಏನರ ಸೋರತಾವೇನು ನೋಡಿ ಬರ್ತೀನಿ" ಎಂದು ಫಕೀರಪ್ಪ ಗಾಡಿಯ ಕೆಳಗೆ ಬಗ್ಗಿದ.

ಒಳಗೆ ಮೊದಲ ಪಂಗ್ತಿ ಕೂತಿತ್ತು. ಹಸಿರು ಬಳೆ ತೊಟ್ಟ ಬಸುರಿಯ ಎಲೆಗೆ ನೀಲವ್ವ ಮೊದಲ ರೊಟ್ಟಿ ಹಾಕಿದಳು.

ಸ್ವಲ್ಪ ಹೊತ್ತಿಗೇ, ಪಕ್ಕದ ಎಲೆಗೆ ಕೂತಿದ್ದ ಯಜಮಾನರು ಬೆರಳು ಚೀಪುತ್ತ ಕೈ ಚಾಚಿದರು.

"ಯವ್ವಾ... ನನಗ ಇನ್ನೊಂದು ರೊಟ್ಟಿ!"

*

ನಮ್ಮವರನ್ನು ಸಿಂಗರಿಸುವುದಷ್ಟೇ ಪ್ರೀತಿಯಲ್ಲ... ಅವರಿಗೆ ಉಸಿರಾಡಲು ಜಾಗ ಇದೆಯಾ ಎಂದು ಬಗ್ಗಿ ನೋಡುವುದೂ ಪ್ರೀತಿಯೇ.

ನೀವು ದಿನಾ ಹೂ ಮುಡಿಸಿ, ಒಂದು ದಿನವೂ "ನೀರಡಿಕೆ ಆಗಿದೆಯಾ?" ಎಂದು ಕೇಳದೇ ಬಿಟ್ಟವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ...?