ಮಣೆಯ ಮೇಲಿನ ಸೀರೆ

ಮದುಮಗಳ ಸೀರೆ ಮಣೆಯಿಂದ ಜಾರಿ ಎರಡನೆಯ ಸಲ ನೆಲಕ್ಕೆ ಬಿತ್ತು. ಕಾಪುವಿನ ವರನ ಮನೆಯ ಚಾವಡಿಯಲ್ಲಿ ಸೇರಿದವರು ಕತ್ತು ಚಾಚಿ ನೋಡಿದರು. ವಿಠಲ ಮಾಸ್ಟ್ರು ಬಗ್ಗಿ ಅದನ್ನೆತ್ತಿ, ಮಡಿಕೆ ಸರಿಮಾಡಿ, ಮಗಳು ಮೋಹಿನಿಯ ಹೆಸರಿನಲ್ಲಿ ಇಟ್ಟಿದ್ದ ಮಣೆಯ ಮೇಲೆ ಮತ್ತೆ ಹರಡಿದರು.

"ಗಾಳಿ," ಎಂದರು.

"ಗಾಳಿ ಎಲ್ಲಿ ಉಂಟು ಮಾಸ್ಟ್ರೇ?" ವರನ ತಾಯಿ ಹುಬ್ಬೇರಿಸಿದಳು. "ಹುಡುಗಿಗೇ ಮನಸ್ಸಿಲ್ಲವೋ ಎಂತದೋ."

ಪಕ್ಕದ ಮಣೆಯ ಮೇಲೆ ವರನ ಪಂಚೆ, ಶಾಲು. ವರ ಮಗುವಾಗಿದ್ದಾಗಲೇ ಕಾಪುವಿನ ಕಡಲು ಪಾಲಾದವನು. ಸತ್ತು ಕುಲೆಗಳಾದವರಿಗೂ ಪ್ರಾಯ ಬರುತ್ತದೆ, ಮದುವೆಯಾಗದೆ ಸತ್ತವರ ಕುಲೆ ಮನೆಯವರನ್ನು ಕಾಡುತ್ತದೆ, ತಮ್ಮ ತಂಗಿಯರ ಮದುವೆಗೆ ಅಡ್ಡ ಮಲಗುತ್ತದೆ ಎಂಬುದು ಈ ಕಡೆಯ ನಂಬಿಕೆ. ಹಾಗಾಗಿ ಸತ್ತವನಿಗೊಬ್ಬಳು ಸತ್ತವಳನ್ನು ಹುಡುಕಿ, ಕುಲ, ವಂಶದ ಬಳಿ ಎಲ್ಲ ನೋಡಿ ಧಾರೆ ಎರೆಯುತ್ತಾರೆ. ಆಷಾಢದ ಈ ಆಟಿ ತಿಂಗಳಲ್ಲಿ ಬದುಕಿದವರಿಗೆ ಮದುವೆ ಇಲ್ಲ, ಕುಲೆಗಳಿಗೆ ಉಂಟು!

ಮಾಸ್ಟ್ರ ಮನೆಯಲ್ಲಿ ಕಷ್ಟ ಇದ್ದದ್ದು ಕಿರಿಯವಳದ್ದು. ಶ್ರೀಮತಿಗೆ ಬಂದ ಸಂಬಂಧಗಳೆಲ್ಲ ಕಾಫಿ ಕುಡಿದು ಹೋದವು, ತಿರುಗಿ ಬರಲಿಲ್ಲ. ಕೊನೆಗೆ ಮಣಿಪಾಲದ ಬ್ಯಾಂಕಿನ ಹುಡುಗನೊಬ್ಬ ಒಪ್ಪಿದ. ಅವನ ಮನೆಯವರು ಮಾತ್ರ, "ಮೊದಲು ಅಕ್ಕನ ಕುಲೆಗೆ ಒಂದು ದಾರಿ ಮಾಡಿ, ಆಮೇಲೆ ನಮ್ಮ ಮೆಟ್ಟಿಲು ಹತ್ತಿ," ಎಂದುಬಿಟ್ಟರು. ಇದೂ ತಪ್ಪಿದರೆ ಶ್ರೀಮತಿಗೆ ಇನ್ನೊಂದು ಗಂಡು ಸಿಗುವ ಆಸೆ ಯಾರಿಗೂ ಉಳಿದಿರಲಿಲ್ಲ.

ಮಾಸ್ಟ್ರೋ, ಕಾರ್ಕಳದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಫೆಬ್ರವರಿಯ ಸೂರ್ಯಗ್ರಹಣದ ದಿನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಾಗ ಮಕ್ಕಳನ್ನು ಅಂಗಳಕ್ಕೆ ಕರೆದು ಅವಲಕ್ಕಿ ತಿನ್ನಿಸಿದ ಗಂಡಸು. ಅಂಥವರು ಕುಲೆ ಮದುವೆಗೆ ತಲೆಯಾಡಿಸಿದ್ದು ಅವರ ಊರು ಕುಕ್ಕುಂದೂರಿಗೇ ಸೋಜಿಗ. ಅದಕ್ಕಿಂತ ದೊಡ್ಡ ಸೋಜಿಗ ಅವರ ಹೆಂಡತಿ ಗುಲಾಬಿಯದ್ದು. ಹಲ್ಲಿ ಲೊಚಗುಟ್ಟಿದರೆ ಹೊರಟ ಹೆಜ್ಜೆ ಹಿಂದೆ ತೆಗೆಯುವ ಹೆಂಗಸು, ಇದೊಂದು ಬೇಡವೆಂದು ಗಂಡನ ಕಾಲು ಹಿಡಿದಿದ್ದಳು.

"ಇದು ಮಾಡುವ ಕೆಲಸವಲ್ಲ. ಪಾಪ ಸುತ್ತಿಕೊಳ್ಳುತ್ತದೆ."

"ಬಟ್ಟೆಗೂ ಬಟ್ಟೆಗೂ ಮದುವೆ. ಅದಕ್ಕೆ ಎಂತ ಪಾಪ ಮಾರಾಯ್ತಿ? ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರೆ. ಶ್ರೀಮತಿಯ ಮುಖ ನೋಡು," ಎಂದಿದ್ದರು ಮಾಸ್ಟ್ರು.

ಈಗ ಗುಲಾಬಿ ಕಂಬಕ್ಕೊರಗಿ ಕುಳಿತಿದ್ದಳು. ಮಣೆಯ ಕಡೆ ಕಣ್ಣೆತ್ತಲೂ ಇಲ್ಲ. ಹೆತ್ತ ಕರುಳಲ್ವಾ, ಎಂದು ಹೆಂಗಸರು ತಮ್ಮತಮ್ಮಲ್ಲೇ ಲೊಚಗುಟ್ಟಿದರು.

"ಮಗಳು ಹೋದದ್ದು ಬೊಂಬಾಯಿಯಲ್ಲಿ ಅಲ್ವಾ?" ವರನ ಸೋದರಮಾವ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ.

"ಹೌದು. ಜ್ವರ. ಅಲ್ಲಿಯೇ ಎಲ್ಲ ಮುಗಿಸಿದ್ದು."

"ನಿಮ್ಮ ಊರಿನ ಕ್ರಿಸ್ತಾನ ಪೊರ್ಬುಗಳ ಹುಡುಗ, ಬೆಂಜಮಿನ್, ಅಲ್ಲಿ ಬೇಕರಿ ಇಟ್ಟಿದ್ದಾನಂತೆ. ಕೊನೆಗಾಲಕ್ಕೆ ಅವನಾದರೂ ಹತ್ತಿರ ಇದ್ದನಾ?"

"ಅವನ ವಿಷಯ ನನಗೆ ಗೊತ್ತಿಲ್ಲ," ಮಾಸ್ಟ್ರು ಸಿಡುಕಿದರು. "ಧಾರೆಗೆ ಹೊತ್ತಾಗುವುದಿಲ್ವಾ?"

ಧಾರೆಯ ನೀರು ಎರೆದದ್ದಾಯಿತು. ಸೀರೆಯ ಮೇಲೆ ಕರಿಮಣಿ ಇಟ್ಟದ್ದೂ ಆಯಿತು. ಅಷ್ಟರಲ್ಲಿ ಮೂಲೆಯಲ್ಲಿದ್ದ, ಮೈಮೇಲೆ ಕುಲೆ ಬರುವ ಪಾತ್ರಿಯ ಮೈ ನಡುಗತೊಡಗಿತು. ಮದುಮಗಳು ಬಂದಳು, ಬಂದಳು, ಎಂದು ಜನ ಕೈಮುಗಿದರು. ಗಂಡಸಿನ ಗಂಟಲಿನಿಂದ ಸಣ್ಣ ಹೆಣ್ಣು ಸ್ವರ ಹೊರಟಿತು.

"ಅಪ್ಪಾ, ಮಳೆಯಲ್ಲಿ ನಿಂತು ಕರೆದೆ. ಬಾಗಿಲು ಯಾಕೆ ತೆಗೆಯಲಿಲ್ಲ?"

ಹೆಂಗಸರು ಸೆರಗಿನಲ್ಲಿ ಕಣ್ಣೊರಸಿಕೊಂಡರು. ನೆಲೆಯಿಲ್ಲದ ಕುಲೆ, ಪಾಪ! ಮಾಸ್ಟ್ರ ಕೈಯಲ್ಲಿದ್ದ ಗಿಂಡಿ ಠಣ್ಣೆಂದು ಉರುಳಿತು. ಪಾತ್ರಿಗಳು ಎಲ್ಲ ಮನೆಯಲ್ಲೂ ಹೇಳುವ ಮಾತೇ ಇದು ಎಂದು ತಲೆ ಹೇಳಿತು. ಎದೆ ಕೇಳಬೇಕಲ್ಲ! ಆ ಮಳೆ, ಮೋಹಿನಿಯ ಆ ಕೂಗು, ತಾವು ಹಾಕಿದ ಆ ಅಗುಳಿ, ಗಂಡ ಹೆಂಡತಿಗಲ್ಲದೆ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಇನ್ನು ಭಯ ಇಲ್ಲ ಅಪ್ಪಾ. ತಣ್ಣಗೆ ಮಲಗುತ್ತೇನೆ," ಎಂದು ಪಾತ್ರಿ ಕುಸಿದ.

ಮಾಸ್ಟ್ರು ಊಟಕ್ಕೆ ನಿಲ್ಲಲಿಲ್ಲ. ಎಲೆ ಹಾಕುತ್ತಿದ್ದವರು ಬಾಯಿ ಬಿಟ್ಟು ನೋಡುತ್ತಿದ್ದಂತೆ ಹೆಂಡತಿಯ ರಟ್ಟೆ ಹಿಡಿದು ಹೊರಗೆ ಬಂದರು. ಮಳೆಯಲ್ಲಿ ಅರ್ಧ ಓಡಿ, ಅರ್ಧ ನಡೆದು ಉಡುಪಿಯ ಬಸ್ಸು ಹಿಡಿದರು. ಕಟಪಾಡಿಯಲ್ಲಿ ಬಸ್ಸು ನಿಂತಾಗ, "ಹೋಗಲಿ ಮಾರಾಯ, ಎಷ್ಟು ಹೊತ್ತು ನಿಲ್ಲಿಸುವುದು?" ಎಂದು ಕಂಡಕ್ಟರಿನ ಮೇಲೆ ರೇಗಿದರು.

"ಎಲ್ಲಿಗೆ?" ಗುಲಾಬಿ ಮೆಲ್ಲಗೆ ಕೇಳಿದಳು.

"ಟ್ರಂಕ್ ಕಾಲ್ ಮಾಡಬೇಕು."

ಅವಳು ಗಂಡನ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಟೆಲಿಫೋನ್ ಕಚೇರಿಯ ಕೌಂಟರಿನಲ್ಲಿ ಗುಮಾಸ್ತ ತಲೆಯೆತ್ತದೆ ಕೇಳಿದ, "ಯಾವ ಊರು? ನಂಬರ್ ಎಂತ?"

"ಬೊಂಬಾಯಿ," ಎಂದ ಮಾಸ್ಟ್ರು ಹೆಂಡತಿಯತ್ತ ತಿರುಗಿದರು. "ಹೇಳು ಗುಲಾಬಿ. ನಿನ್ನಲ್ಲಿ ಉಂಟು ಅಂತ ನನಗೆ ಗೊತ್ತುಂಟು."

ಗುಲಾಬಿ ಮಗ್ಗಿ ಒಪ್ಪಿಸಿದ ಹಾಗೆ ತಡವರಿಸದೆ ಹೇಳಿದಳು. ಅದು ಬೆಂಜಮಿನ್‌ನ ಬೇಕರಿಯ ನಂಬರ್.

ಲೈನು ಸಿಗುವುದೆಂದರೆ ದೇವರು ಸಿಕ್ಕಿದಂತೆ. ಮಾಸ್ಟ್ರು ಬೆಂಚಿನ ಮೇಲೆ ಕುಳಿತರು, ಎದ್ದರು, ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಗ್ರಹಣದ ದಿನ ಅವಲಕ್ಕಿ ತಿನ್ನಿಸಿದ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ಕಾಪುವಿನ ಮಾರಿಯಮ್ಮನಿಗೆ ಹರಕೆ ಹೇಳಿಕೊಂಡರು. ತಪ್ಪು ನನ್ನದು ತಾಯಿ, ಶಿಕ್ಷೆಯೂ ನನಗೇ ಇರಲಿ, ಎಂದರು.

"ಬೊಂಬಾಯಿ ಸಿಕ್ಕಿತು, ಮಾತಾಡಿ, ಮಾತಾಡಿ!" ಗುಮಾಸ್ತ ಕೂಗಿದ.

ಮಾಸ್ಟ್ರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದರು. "ಹಲೋ, ನಾನು, ಕುಕ್ಕುಂದೂರಿನ..." 

ಗೊರಗೊರ ಸದ್ದಿನ ಆಚೆ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು.

"ಅಪ್ಪಾ? ನೀವಾ? ಟ್ರಂಕ್ ಕಾಲ್ ಮಾಡಿದ್ದೀರಲ್ಲ... ಊರಲ್ಲಿ ಯಾರು ಸತ್ತದ್ದು?" ಎಂದು ಕೇಳಿದಳು ಮೋಹಿನಿ.